ಅಲೆ ಏಳುವಲ್ಲೇ ಡಾಲ್ಫಿನ್!

ಕಾರವಾರದ ಕಾಳಿ ಅಳಿವೆಯಿಂದ ಹೊರಟು ಕಡಲಿನಲ್ಲಿ ಒಂದು ದಿನ ಕಳೆದರೆ ಜೀವಜಗತ್ತಿನ ಪಾಠವೂ ಸಿಗುತ್ತದೆ, ಜೀವ ಕಾಪಾಡಿಕೊಳ್ಳುವ ಪಾಠವೂ ಸಿಗುತ್ತದೆ. ಎರಡಕ್ಕೂ ಪಠ್ಯ ಒಂದೇ, ನೀರು.

ಡಿಸೆಂಬರ್ ಬಂತೆಂದರೆ ಹುಬ್ಬಳ್ಳಿ, ಧಾರವಾಡ, ಗದಗ, ಬೆಳಗಾವಿ ಕಡೆಯ ಶಾಲಾ ಪ್ರವಾಸದ ಬಸ್ಸುಗಳು ಘಟ್ಟ ಇಳಿದು ಕಾರವಾರದ ದಾರಿ ಹಿಡಿಯುತ್ತವೆ. ಆ ಬಸ್ಸುಗಳಲ್ಲಿರುವ ಎಷ್ಟೋ ಮಕ್ಕಳಿಗೆ ಸಮುದ್ರ ನೋಡುವುದು ಅದೇ ಮೊದಲು. ಕಾಳಿ ನದಿಯಲ್ಲಿ ದೋಣಿ ಹತ್ತಿ ಕಡಲಿಗೆ ಹೋಗಿಬಂದ ಮಕ್ಕಳು ಮನೆಗೆ ಮರಳಿದ ಮೇಲೆ ಹೇಳುವುದು ಮುಖ್ಯವಾಗಿ ಎರಡು ಸುದ್ದಿ. ಒಂದು, 'ಡಾಲ್ಫಿನ್ ನೋಡಿದ್ವಿ!' ಇನ್ನೊಂದು, 'ದೋಣಿ ಹೆಂಗ ಅಳ್ಳಾಡ್ತು ಗೊತ್ತೇನು?' ಮೊದಲನೆಯದನ್ನು ಕೇಳಿ ಅಪ್ಪ ಅಮ್ಮ ಹಿಗ್ಗುತ್ತಾರೆ. ಎರಡನೆಯದನ್ನು ಕೇಳಿದಾಗ ಅವರ ಎದೆ ಧಸಕ್ಕೆನ್ನುತ್ತದೆ.

ಒಂದು ಅದೃಷ್ಟ, ಇನ್ನೊಂದು ಅಪಾಯ ಎಂದು ಈ ಎರಡು ಸುದ್ದಿಗಳನ್ನು ಬೇರೆ ಬೇರೆ ಮಾಡಿ ನೋಡುವುದು ಸಹಜ. ಆದರೆ ಕಡಲನ್ನು ಬಲ್ಲವರು ಹಾಗೆ ನೋಡುವುದಿಲ್ಲ. ಡಾಲ್ಫಿನ್ ಕಾಣಿಸುವ ಜಾಗ ಮತ್ತು ದೋಣಿ ಹೊಯ್ದಾಡುವ ಜಾಗ ಬಹುಮಟ್ಟಿಗೆ ಒಂದೇ. ಎರಡಕ್ಕೂ ಕಾರಣವೂ ಒಂದೇ. ಈ ಕಾರಣವನ್ನು ಮಕ್ಕಳು ಅರಿತು ದೋಣಿ ಹತ್ತಿದರೆ ಅವರು ಹೆಚ್ಚು ನೋಡಬಲ್ಲರು, ಕ್ಷೇಮವಾಗಿಯೂ ಮರಳಬಲ್ಲರು.

ಬೆಳಗಿನ ಹೊತ್ತು ಯಾಕೆ?

ಕಡಲಿಗೆ ಹೋಗುವುದಿದ್ದರೆ ಬೆಳಿಗ್ಗೆ ಬೇಗ ಬನ್ನಿ ಎಂದು ಕಾರವಾರದ ದೋಣಿಯವರು ಹೇಳುತ್ತಾರೆ. ಬಿಸಿಲು ಏರುತ್ತದೆ ಎಂಬುದು ಇದಕ್ಕೆ ಒಂದು ಕಾರಣ ಮಾತ್ರ. ಮುಖ್ಯ ಕಾರಣ ಗಾಳಿ.

ರಾತ್ರಿಯಿಡೀ ನೆಲ ಬೇಗ ತಣ್ಣಗಾಗುತ್ತದೆ, ಸಮುದ್ರ ನಿಧಾನವಾಗಿ ತಣ್ಣಗಾಗುತ್ತದೆ. ಹೀಗಾಗಿ ಬೆಳಗಿನ ಜಾವ ಗಾಳಿ ನೆಲದ ಕಡೆಯಿಂದ ಕಡಲಿನತ್ತ ಬೀಸುತ್ತದೆ. ಅದು ಹಗುರವಾದ ಗಾಳಿ. ದಡದ ಹತ್ತಿರದ ನೀರು ಆಗ ಹಾಸಿದ ಚಾಪೆಯಂತಿರುತ್ತದೆ. ಸೂರ್ಯ ಮೇಲೇರಿದಂತೆ ನೆಲ ಕಾಯುತ್ತದೆ, ಅದರ ಮೇಲಿನ ಗಾಳಿ ಹಗುರವಾಗಿ ಏಳುತ್ತದೆ, ಆ ಜಾಗ ತುಂಬಲು ಕಡಲ ಗಾಳಿ ಒಳನುಗ್ಗುತ್ತದೆ. ಪಶ್ಚಿಮದಿಂದ, ವಾಯವ್ಯದಿಂದ ಬರುವ ಈ ಗಾಳಿ ಮಧ್ಯಾಹ್ನದ ಹೊತ್ತಿಗೆ ಬಲಗೊಂಡು ನೀರನ್ನು ಕೆದಕುತ್ತದೆ. ಶಾಲೆಯ ಭೂಗೋಳ ಪುಸ್ತಕದಲ್ಲಿ 'ನೆಲಗಾಳಿ, ಕಡಲಗಾಳಿ' ಎಂದು ಚಿತ್ರ ಬಿಡಿಸಿ ಅಂಕ ಪಡೆದವರೆಲ್ಲ ಈ ಸಂಗತಿ ಬಲ್ಲರು. ದೋಣಿಯಲ್ಲಿ ಕುಳಿತಾಗ ಅದು ಮೈಗೆ ತಾಗುತ್ತದೆ, ಅಷ್ಟೇ ವ್ಯತ್ಯಾಸ. ಬೆಳಿಗ್ಗೆ ಎಂಟು ಗಂಟೆಗೆ ಸಪಾಟಾಗಿದ್ದ ಅದೇ ದಾರಿ ಮಧ್ಯಾಹ್ನ ಮೂರು ಗಂಟೆಗೆ ಬಿಳಿನೊರೆಯ ಗುಡ್ಡಗಳಾಗಿ ಎದುರಾಗಬಹುದು.

ಸಮತಟ್ಟಾದ ನೀರಿನಲ್ಲಿ ಇನ್ನೊಂದು ಲಾಭವಿದೆ. ಡಾಲ್ಫಿನ್‌ನ ಬೆನ್ನುರೆಕ್ಕೆ ನೀರಿನ ಮೇಲೆ ಕಾಣುವುದು ಕೆಲವೇ ಕ್ಷಣ. ಅಲೆಗಳಿಲ್ಲದ ಬೆಳಗಿನಲ್ಲಿ ಅದು ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ನೀರು ಕದಡಿದ ಮೇಲೆ ಪ್ರತಿ ಅಲೆಯೂ ಡಾಲ್ಫಿನ್‌ನಂತೆಯೇ ಕಂಡು ಮೋಸಗೊಳಿಸುತ್ತದೆ.

ಅಳಿವೆಯ ಬಾಯಿ

ನದಿ ಸಮುದ್ರ ಸೇರುವ ಜಾಗವೇ ಅಳಿವೆ. ಜೋಯಿಡಾ ತಾಲ್ಲೂಕಿನ ಡಿಗ್ಗಿಯ ಬಳಿ ಹುಟ್ಟುವ ಕಾಳಿ, ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಲ್ಲಿ ತಡೆದು ತಡೆದು ಹರಿದು, ಸುಮಾರು 184 ಕಿಲೋಮೀಟರ್ ಸಾಗಿ ಕಾರವಾರದಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ. ದಕ್ಷಿಣದ ದಂಡೆಯಲ್ಲಿ ಕೋಡಿಬಾಗ, ಉತ್ತರದ ದಂಡೆಯಲ್ಲಿ ಸದಾಶಿವಗಡದ ಗುಡ್ಡ, ಅದರಾಚೆ ದೇವಬಾಗದ ಗಾಳಿಮರಗಳ ತೋಪು. ದೋಣಿ ಇವುಗಳ ನಡುವೆ ಸಾಗುವಾಗ ಎಂಜಿನ್ ಸದ್ದೊಂದನ್ನು ಬಿಟ್ಟರೆ ಎಲ್ಲವೂ ಶಾಂತ. ಬಾಯಿಗೆ ಬಂದಾಗ ಮಾತ್ರ ಒಮ್ಮೆಲೇ ದೋಣಿಯ ಮುಂಭಾಗ ಎದ್ದು, ದಬ್ ಎಂದು ಬಡಿದು, ಮುಖಕ್ಕೆ ಉಪ್ಪುನೀರು ಚಿಮ್ಮುತ್ತದೆ.

ಇಲ್ಲೇ ಯಾಕೆ? ನದಿ ತಂದ ಮರಳು ಅಳಿವೆಯಲ್ಲಿ ದಿಬ್ಬವಾಗಿ ಕೂತಿರುತ್ತದೆ. ಆಳದ ನೀರಿನಲ್ಲಿ ತಣ್ಣಗೆ ಬರುತ್ತಿದ್ದ ಅಲೆ ಈ ದಿಬ್ಬದ ಮೇಲೆ ಬಂದೊಡನೆ ಅದರ ಬುಡಕ್ಕೆ ನೆಲ ತಾಗಿ ವೇಗ ಕುಗ್ಗುತ್ತದೆ. ಹಿಂದಿನಿಂದ ಬರುವ ನೀರು ಮೇಲಕ್ಕೇರುತ್ತದೆ. ಅಲೆಯ ಎತ್ತರಕ್ಕಿಂತ ನೀರಿನ ಆಳ ಸ್ವಲ್ಪವೇ ಹೆಚ್ಚಿದ್ದರೆ, ಅಂದರೆ ಒಂದು ಮೀಟರ್ ಅಲೆಗೆ ಒಂದೂಕಾಲು ಮೀಟರ್‌ನಷ್ಟು ಆಳವಿದ್ದರೆ, ಅಲೆ ತಲೆಕೆಳಗಾಗಿ ಒಡೆಯುತ್ತದೆ. ಒಂದು ಘನ ಮೀಟರ್ ಸಮುದ್ರದ ನೀರು ಒಂದು ಟನ್ನಿಗಿಂತ ತುಸು ಹೆಚ್ಚೇ ತೂಗುತ್ತದೆ ಎಂಬುದನ್ನು ನೆನೆದರೆ ಒಡೆಯುವ ಅಲೆಯ ಹೊಡೆತ ಎಂಥದೆಂದು ಊಹಿಸಬಹುದು.

ಇದರ ಜೊತೆಗೆ ಭರತ ಮತ್ತು ಇಳಿತದ ಲೆಕ್ಕವಿದೆ. ಈ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಚಂದ್ರನ ಓಟದಿಂದಾಗಿ ಈ ವೇಳೆ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಇಳಿತದ ಹೊತ್ತಿನಲ್ಲಿ ಅಳಿವೆಯೊಳಗಿನ ನೀರೆಲ್ಲ ಕಡಲಿಗೆ ಧಾವಿಸುತ್ತದೆ. ಕಡಲಿನ ಅಲೆ ಒಳಗೆ ಬರಲು ಹವಣಿಸುತ್ತದೆ. ಕಿರಿದಾದ ಬಾಗಿಲಿನಲ್ಲಿ ಒಳಗೆ ಬರುವವರು, ಹೊರಗೆ ಹೋಗುವವರು ಎದುರಾದಂತೆ! ಎದುರು ಸೆಳೆತಕ್ಕೆ ಸಿಕ್ಕ ಅಲೆಗಳು ಹತ್ತಿರ ಹತ್ತಿರವಾಗಿ, ಕಡಿದಾಗಿ ಏಳುತ್ತವೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಈ ಏರಿಳಿತ ಹೆಚ್ಚು, ಸೆಳೆತವೂ ಹೆಚ್ಚು. ಹೀಗಾಗಿ ಕಡಲಿನವರಿಗೆ ಪಂಚಾಂಗ ಮುಹೂರ್ತ ನೋಡುವುದಕ್ಕಷ್ಟೇ ಅಲ್ಲ, ದೋಣಿ ಇಳಿಸುವ ಹೊತ್ತು ತಿಳಿಯುವುದಕ್ಕೂ ಬೇಕು.

ಕಾರವಾರಕ್ಕೆ ಬಂದಿದ್ದ ರವೀಂದ್ರನಾಥ ಠಾಕೂರರಿಗೂ ಈ ಅಳಿವೆ ತನ್ನ ಗುಣ ತೋರಿಸಿತ್ತು. 1880ರ ದಶಕದ ಆರಂಭದಲ್ಲಿ ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದರು. ಇಪ್ಪತ್ತರ ಹರೆಯದ ರವೀಂದ್ರರು ಒಂದು ಬೆಳದಿಂಗಳ ರಾತ್ರಿ ಕಾಳಿಯಲ್ಲಿ ದೋಣಿ ವಿಹಾರ ಹೋದುದನ್ನು ತಮ್ಮ 'ಜೀವನಸ್ಮೃತಿ'ಯಲ್ಲಿ ಬರೆದಿದ್ದಾರೆ. ಮರಳಿ ಅಳಿವೆ ತಲುಪುವಷ್ಟರಲ್ಲಿ ತಡವಾಯಿತಂತೆ. ಸಮುದ್ರದ ಮೂಲಕ ಹೋಗುವ ಬದಲು ಅಲ್ಲೇ ದೋಣಿಯಿಂದಿಳಿದು, ಮರಳಿನ ಮೇಲೆ ನಡೆದೇ ಮನೆ ಸೇರಿದರಂತೆ. ಮುಂದೆ ನೊಬೆಲ್ ಪಡೆದ ಕವಿಯೂ ಹೊತ್ತಲ್ಲದ ಹೊತ್ತಿನಲ್ಲಿ ಅಳಿವೆಯ ಆಚೆಗೆ ಹೋಗಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ.

ಗೂನುಬೆನ್ನಿನ ನೆರೆಯವರು

ಈಗ ಡಾಲ್ಫಿನ್ ವಿಷಯಕ್ಕೆ ಬರೋಣ. ನದಿಯ ನೀರು ಕಾಡಿನ ಎಲೆಗೊಬ್ಬರವನ್ನೂ ಮಣ್ಣಿನ ಸಾರವನ್ನೂ ಹೊತ್ತು ತರುತ್ತದೆ. ಅಳಿವೆಯ ಅಂಚಿನ ಕಾಂಡ್ಲಾ ಗಿಡಗಳ ಬೇರುಗಳ ನಡುವೆ ಮೀನು, ಸಿಗಡಿಗಳ ಮರಿಗಳು ಬೆಳೆಯುತ್ತವೆ. ಸಿಹಿನೀರು ಉಪ್ಪುನೀರು ಕೂಡುವಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಸಮೃದ್ಧ. ಇದಕ್ಕೆ ಮಳೆಗಾಲದ ಕೊಡುಗೆಯೂ ಸೇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಪಶ್ಚಿಮ ಕರಾವಳಿಯಲ್ಲಿ ಕಡಲಾಳದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲಕ್ಕೆ ಬರುತ್ತದೆ. ಆಮೇಲೆ ತಾರ್ಲೆ, ಬಂಗುಡೆಗಳ ಹಿಂಡು ದಡದ ಕಡೆ ಸುಳಿಯುತ್ತವೆ. ಭರತ ಇಳಿತದ ಸೆಳೆತ ಈ ಮೀನುಗಳನ್ನು ಅಳಿವೆಯ ಬಾಯಿಯಲ್ಲಿ ಒತ್ತೊತ್ತಾಗಿ ಸೇರಿಸುತ್ತದೆ. ದೋಣಿಯನ್ನು ಅಲ್ಲಾಡಿಸುವ ಸೆಳೆತವೇ ಡಾಲ್ಫಿನ್‌ಗಳಿಗೆ ಊಟದ ತಟ್ಟೆ ಹಾಕುತ್ತದೆ!

ಇಲ್ಲಿ ಕಾಣುವುದು ಸಿನಿಮಾದಲ್ಲಿ ಬಳೆಯೊಳಗೆ ಹಾರುವ ಡಾಲ್ಫಿನ್ ಅಲ್ಲ. ಇದು ಹಿಂದೂ ಮಹಾಸಾಗರದ ಗೂನುಬೆನ್ನಿನ ಡಾಲ್ಫಿನ್. ವೈಜ್ಞಾನಿಕ ಹೆಸರು ಸೂಸಾ ಪ್ಲಂಬಿಯ. ದಕ್ಷಿಣ ಆಫ್ರಿಕಾದಿಂದ ಭಾರತದ ತೀರದವರೆಗೆ, ದಡಕ್ಕೆ ಅಂಟಿದಂತಿರುವ ಪಟ್ಟಿಯಲ್ಲಿ ಮಾತ್ರ ಇದರ ಬದುಕು. ಹೆಚ್ಚಾಗಿ 25 ಮೀಟರ್‌ಗಿಂತ ಕಡಿಮೆ ಆಳದ ನೀರೇ ಇದಕ್ಕೆ ಇಷ್ಟ. ಬೆಳೆದದ್ದು ಎರಡೂವರೆ ಮೀಟರ್‌ನಷ್ಟು ಉದ್ದ. ಬೂದು ಮೈ, ಉದ್ದ ಮೂತಿ, ಬೆನ್ನಿನ ಮೇಲೊಂದು ಗೂನು, ಆ ಗೂನಿನ ಮೇಲೆ ಚಿಕ್ಕ ರೆಕ್ಕೆ. ಮೀನಿನಂತೆ ಕಂಡರೂ ಇದು ನಮ್ಮಂತೆ ಶ್ವಾಸಕೋಶದಿಂದ ಉಸಿರಾಡುವ, ಮರಿಗೆ ಹಾಲೂಡಿಸುವ ಪ್ರಾಣಿ. ಉಸಿರಿಗಾಗಿ ಮೇಲೆ ಬರಲೇಬೇಕು. ಮೊದಲು ಮೂತಿ, ಬಳಿಕ ನೆತ್ತಿಯ ರಂಧ್ರದಿಂದ 'ಫುಸ್' ಎಂಬ ಸದ್ದು, ಆಮೇಲೆ ಗೂನು, ಕೊನೆಗೆ ಬಾಲ. ಅಷ್ಟರಲ್ಲಿ ಮುಳುಗಿ ಮಾಯ. ಮತ್ತೆ ಎಲ್ಲಿ ಏಳುತ್ತದೆಂದು ಹೇಳಲಾಗದು.

ದಡಕ್ಕೆ ಅಂಟಿದ ಈ ಬದುಕೇ ಇದಕ್ಕೆ ಮುಳುವಾಗಿದೆ. ಮನುಷ್ಯರ ಬಂದರು, ಬಲೆ, ಚರಂಡಿ ನೀರು, ದೋಣಿಗಳ ಓಡಾಟ ಎಲ್ಲವೂ ಇದೇ ಪಟ್ಟಿಯಲ್ಲಿ. ಹೆಣ್ಣು ಡಾಲ್ಫಿನ್ ಒಂದು ಸಲಕ್ಕೆ ಒಂದೇ ಮರಿ ಹಾಕುತ್ತದೆ. ಮುಂದಿನ ಮರಿಗೆ ಕೆಲವು ವರ್ಷ ಬೇಕು. ಕಳೆದುಕೊಂಡದ್ದನ್ನು ಬೇಗ ತುಂಬಿಕೊಳ್ಳಲು ಆಗದು. ವಿಶ್ವ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಇದನ್ನು ಅಳಿವಿನಂಚಿನ ಜೀವಿ ಎಂದು ಸೇರಿಸಲಾಗಿದೆ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲೂ ಇದಕ್ಕೆ ಸ್ಥಾನವಿದೆ. ಅಂದರೆ ಕಾನೂನಿನ ಕಣ್ಣಿಗೆ ಹುಲಿ, ಆನೆ, ಕಾಳಿಯ ಬಾಯಿಯ ಡಾಲ್ಫಿನ್ ಎಲ್ಲವೂ ಸಮಾನ.

ಹಾಗಿದ್ದರೂ ಡಾಲ್ಫಿನ್ ಕಂಡೊಡನೆ 'ಇನ್ನೂ ಹತ್ತಿರ ಹೋಗಿ' ಎಂದು ದೋಣಿಯವರನ್ನು ಪೀಡಿಸುವವರೇ ಹೆಚ್ಚು. ಇದು ಸರಿಯಲ್ಲ. ಕದಡಿದ ಅಳಿವೆಯ ನೀರಿನಲ್ಲಿ ಡಾಲ್ಫಿನ್‌ಗೆ ಕಣ್ಣಿಗಿಂತ ಕಿವಿ ಮುಖ್ಯ. ತಾನು ಹೊರಡಿಸಿದ ಸದ್ದಿನ ಮರುದನಿ ಕೇಳಿ ಅದು ಮೀನನ್ನು ಹುಡುಕುತ್ತದೆ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್, ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು. ಗುರ್ರೆನ್ನುತ್ತ ಬರುವ ಎಂಜಿನ್ ಅದರ ಪಾಲಿಗೆ ಪರೀಕ್ಷೆ ಬರೆಯುವ ಮಗುವಿನ ಪಕ್ಕದಲ್ಲಿ ಧ್ವನಿವರ್ಧಕ ಇಟ್ಟಂತೆ. ಬಲ್ಲ ದೋಣಿಯವರು ದೂರದಲ್ಲೇ ವೇಗ ಇಳಿಸಿ, ಎಂಜಿನ್ ಸದ್ದು ತಗ್ಗಿಸಿ ಕಾಯುತ್ತಾರೆ. ಅಟ್ಟಿಸಿಕೊಂಡು ಹೋದವರಿಗೆ ಓಡಿಹೋಗುವ ಬಾಲ ಕಾಣುತ್ತದೆ. ಕಾದವರಿಗೆ ಹಲವು ಸಲ ಇಡೀ ಕುಟುಂಬವೇ ಕಾಣಸಿಗುತ್ತದೆ.

ಮೇಲೆ ಹದ್ದು, ಕೆಳಗೆ ಹಾವು

ಎಲ್ಲರ ಕಣ್ಣೂ ನೀರಿನ ಮೇಲಿರುವಾಗ ಆಕಾಶದಲ್ಲಿ ನಡೆಯುವ ನಾಟಕ ತಪ್ಪಿಹೋಗುವುದುಂಟು. ಎರಡು ಮೀಟರ್‌ನಷ್ಟು ಅಗಲಕ್ಕೆ ರೆಕ್ಕೆ ಹರಡಿ, ರೆಕ್ಕೆ ಬಡಿಯದೆ ತೇಲುವ ಬಿಳಿಹೊಟ್ಟೆಯ ಕಡಲ ಹದ್ದು ಈ ಭಾಗದ ರಾಜ. ದ್ವೀಪಗಳ ಎತ್ತರದ ಮರಗಳಲ್ಲಿ ಕಡ್ಡಿಗಳ ದೊಡ್ಡ ಗೂಡು ಕಟ್ಟಿ, ವರ್ಷ ವರ್ಷವೂ ಅದನ್ನೇ ರಿಪೇರಿ ಮಾಡಿಕೊಂಡು ಬಳಸುತ್ತದೆ. ಮೀನು ಇದರ ಆಹಾರ. ಕಡಲ ಹಾವನ್ನೂ ಎತ್ತಿಕೊಂಡು ಹೋಗುತ್ತದೆ!

ಕಡಲ ಹಾವು ಎಂದೊಡನೆ ಮಕ್ಕಳ ಕಿವಿ ನೆಟ್ಟಗಾಗುತ್ತದೆ. ನೆಲದ ಹಾವಿನ ಬಾಲ ಚೂಪಾದರೆ ಕಡಲ ಹಾವಿನ ಬಾಲ ಹುಟ್ಟಿನಂತೆ ಚಪ್ಪಟೆ. ಇದೂ ಉಸಿರಾಡಲು ಮೇಲೆ ಬರುತ್ತದೆ. ಕೊಕ್ಕೆಮೂಗಿನ ಕಡಲ ಹಾವು ನಮ್ಮ ಕರಾವಳಿಯಲ್ಲಿ ಮೀನುಗಾರರ ಬಲೆಗೆ ಆಗಾಗ ಬೀಳುತ್ತದೆ. ವಿಷ ತೀವ್ರವಾದದ್ದು. ತಾನಾಗಿ ದೋಣಿಯ ತಂಟೆಗೆ ಬರುವ ಪ್ರಾಣಿ ಅದಲ್ಲ. ಆದರೆ ದಡದಲ್ಲಿ ಸತ್ತಂತೆ ಬಿದ್ದಿದ್ದರೂ ಅದನ್ನು ಮುಟ್ಟಬಾರದು.

ಚಳಿಗಾಲದಲ್ಲಿ ದೋಣಿಯ ಹಿಂದೆ ಕಿರುಚುತ್ತ ಹಾರಿಬರುವ ಬಿಳಿ ಹಕ್ಕಿಗಳು ಕಡಲಕ್ಕಿಗಳು. ಇವುಗಳಲ್ಲಿ ಕಂದುತಲೆಯ ಕಡಲಕ್ಕಿ ಲಡಾಖ್, ಟಿಬೆಟ್ ಕಡೆಯ ಎತ್ತರದ ಸರೋವರಗಳ ಬಳಿ ಮರಿ ಮಾಡಿ, ಅಲ್ಲಿ ನೀರು ಹೆಪ್ಪುಗಟ್ಟುವ ಮೊದಲೇ ದಕ್ಷಿಣದ ಕಡಲಿಗೆ ಬರುತ್ತದೆ. ಹಿಮಾಲಯ ದಾಟಿ ಬಂದ ಈ ಅತಿಥಿಗೆ ಕುರುಕಲು ತಿಂಡಿ ಎಸೆಯುವ ಚಟ ಪ್ರವಾಸಿಗರಲ್ಲಿದೆ. ಹಕ್ಕಿಗೆ ಅದು ಆಹಾರವಲ್ಲ, ಪ್ಲಾಸ್ಟಿಕ್ ಚೀಲವಂತೂ ಯಾರಿಗೂ ಆಹಾರವಲ್ಲ. ಕಡಲಕ್ಕಿಗಳು ಮತ್ತು ರೀವಗಳು ಒಂದೇ ಕಡೆ ಮೇಲಿಂದ ಮೇಲೆ ನೀರಿಗೆ ಎರಗುತ್ತಿದ್ದರೆ ಅಲ್ಲಿ ಕೆಳಗೆ ಮೀನಿನ ಹಿಂಡಿದೆ ಎಂದರ್ಥ. ಮೀನಿದ್ದಲ್ಲಿ ಡಾಲ್ಫಿನ್ ಇರಬಹುದು. ಮೀನುಗಾರರು ದುರ್ಬೀನು ಇಲ್ಲದೆ ಡಾಲ್ಫಿನ್ ಇರುವ ಜಾಗ ತೋರಿಸುವ ಗುಟ್ಟು ಇದೇ.

ಅದೃಷ್ಟವಿದ್ದರೆ ನೀರಿನ ಮೇಲೆ ತೇಲುವ ತೆಂಗಿನಕಾಯಿಯಂಥದೊಂದು ಕಂಡು, ನೋಡುತ್ತಿದ್ದಂತೆ ಮುಳುಗುತ್ತದೆ. ಅದು ಆಲಿವ್ ರಿಡ್ಲೆ ಕಡಲಾಮೆಯ ತಲೆ. ಚಳಿಗಾಲದ ರಾತ್ರಿಗಳಲ್ಲಿ ಹೆಣ್ಣಾಮೆ ಉತ್ತರ ಕನ್ನಡದ ಮರಳು ದಂಡೆಗಳಿಗೆ ಬಂದು ಗುಂಡಿ ತೋಡಿ ನೂರರಷ್ಟು ಮೊಟ್ಟೆಯಿಟ್ಟು ಮರಳುತ್ತದೆ. ಅರಣ್ಯ ಇಲಾಖೆ ಈ ಗೂಡುಗಳನ್ನು ಕಾಯುತ್ತದೆ. ಸ್ಥಳೀಯ ಮೀನುಗಾರರೂ ಕೈಜೋಡಿಸುತ್ತಾರೆ.

ದ್ವೀಪಗಳ ಸಾಲು

ಅಳಿವೆ ದಾಟಿದರೆ ಎದುರಿಗೆ ದ್ವೀಪಗಳು. ಆಮೆಯ ಬೆನ್ನಿನಂತೆ ಕಾಣುವ ಕೂರ್ಮಗಡದಲ್ಲಿ ನರಸಿಂಹ ದೇವಾಲಯವಿದೆ. ಪುಷ್ಯ ಹುಣ್ಣಿಮೆಯಂದು ಇಲ್ಲಿ ಜಾತ್ರೆ. ಇನ್ನೂ ಆಚೆ, ಹತ್ತೊಂಬತ್ತನೇ ಶತಮಾನದ ದೀಪಸ್ತಂಭ ಹೊತ್ತ ದೇವಗಡ. ದಕ್ಷಿಣಕ್ಕೆ ದೂರದಲ್ಲಿ ಅಂಜುದೀವ. 1498ರಲ್ಲಿ ವಾಸ್ಕೋ ಡ ಗಾಮನ ಹಡಗುಗಳು ತಂಗಿದ್ದು, 1961ರ ಗೋವಾ ವಿಮೋಚನೆಯ ವೇಳೆ ನೌಕಾಪಡೆಯ ಏಳು ಮಂದಿ ಪ್ರಾಣ ತೆತ್ತಿದ್ದು ಅಲ್ಲೇ. ಈಗ ಅದು ಕದಂಬ ನೌಕಾನೆಲೆಗೆ ಸೇರಿದ್ದು, ಪ್ರವಾಸಿಗರಿಗೆ ಪ್ರವೇಶವಿಲ್ಲ.

ದ್ವೀಪಗಳಿಗೆ ಎರಡು ಮುಖ. ಕಡಲಿನ ಕಡೆಯ ಮುಖಕ್ಕೆ ಅಲೆ ನೇರ ಅಪ್ಪಳಿಸುತ್ತದೆ. ನೆಲದ ಕಡೆಯ ಮಗ್ಗುಲು ಮರೆಯಲ್ಲಿರುವುದರಿಂದ ಶಾಂತ. ದೋಣಿ ಒಂದು ಮೂಲೆ ತಿರುಗಿದ್ದೇ ತಡ, ನಿಶ್ಚಲವಾಗಿದ್ದ ನೀರು ಹುಚ್ಚೆದ್ದಂತೆ ಕುಣಿಯುವುದಕ್ಕೆ ಇದೇ ಕಾರಣ. ಬಂಡೆಗೆ ಬಡಿದು ಹಿಂತಿರುಗಿದ ಅಲೆ ಎದುರು ಬರುವ ಅಲೆಗೆ ಸೇರಿ ನೀರು ಎತ್ತಲಿಂದೆತ್ತಲೋ ಏಳುತ್ತದೆ. ಇಂಥಲ್ಲಿ ತಾಂಡೇಲನ ಕೈಚಳಕ ನೋಡಬೇಕು. ವೇಗ ತಗ್ಗಿಸುತ್ತಾನೆ. ದೋಣಿಯ ಮುಂಭಾಗವನ್ನು ಅಲೆಗೆ ತುಸು ಓರೆಯಾಗಿ ಕೊಡುತ್ತಾನೆ. ಮಗ್ಗುಲನ್ನು ಮಾತ್ರ ಅಲೆಗೆ ಎಂದೂ ಕೊಡುವುದಿಲ್ಲ. ಮಗ್ಗುಲಿಗೆ ಬಿದ್ದ ಅಲೆ ದೋಣಿಯನ್ನು ಉರುಳಿಸಬಲ್ಲದು.

ಆದರೆ ಎಂಥ ತಾಂಡೇಲನ ಜಾಣ್ಮೆಯನ್ನೂ ಒಂದು ಕೂಗು ಕೆಡಿಸಬಲ್ಲದು. 'ಅಗೋ ಡಾಲ್ಫಿನ್!' ಎಂದೊಡನೆ ಮೂವತ್ತು ಮಂದಿ ಎದ್ದುನಿಂತು ಒಂದೇ ಬದಿಗೆ ನುಗ್ಗುತ್ತಾರೆ. ಕೈಯಲ್ಲಿ ಮೊಬೈಲು ಬೇರೆ. ಕುಳಿತಾಗ ಕೆಳಗಿದ್ದ ದೋಣಿಯ ಗುರುತ್ವ ಕೇಂದ್ರ ಎದ್ದುನಿಂತಾಗ ಮೇಲೇರುತ್ತದೆ. ಒಂದೇ ಬದಿಗೆ ನುಗ್ಗಿದಾಗ ಪಕ್ಕಕ್ಕೆ ಸರಿಯುತ್ತದೆ. ಅದೇ ಕ್ಷಣಕ್ಕೆ ಇನ್ನೊಂದು ಬದಿಯಿಂದ ಅಲೆ ಬಂದರೆ? ಡಾಲ್ಫಿನ್ ಇರುವುದೇ ಅಲೆ ಏಳುವಲ್ಲಿ ಎಂಬುದು ಇಲ್ಲಿ ನೆನಪಾಗಬೇಕು. ಖುಷಿಯ ಕ್ಷಣ ಯಾವುದೋ ಅದೇ ಎಚ್ಚರದ ಕ್ಷಣವೂ ಹೌದು.

2019ರ ಆ ಸೋಮವಾರ

ಇದು ಬರಿಯ ಬೆದರಿಕೆಯಲ್ಲ. 2019ರ ಜನವರಿ 21, ಸೋಮವಾರ. ಕೂರ್ಮಗಡದ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿಯೊಂದು ಕಾರವಾರದ ಸಮೀಪ ಕಡಲಿನಲ್ಲಿ ಮಗುಚಿತು. ಮಕ್ಕಳೂ ಸೇರಿ ಹದಿನಾರು ಮಂದಿ ಪ್ರಾಣ ಕಳೆದುಕೊಂಡರು. ದೋಣಿಯಲ್ಲಿ ಮಿತಿಗಿಂತ ಹೆಚ್ಚು ಜನರಿದ್ದರು, ಹೆಚ್ಚಿನವರು ಜೀವರಕ್ಷಕ ಜಾಕೆಟ್ ತೊಟ್ಟಿರಲಿಲ್ಲ ಎಂದು ಆಗ ವರದಿಯಾಯಿತು. ದಡ ಕಣ್ಣಿಗೆ ಕಾಣುವಷ್ಟು ಹತ್ತಿರವಿತ್ತು. ಬಂದವರು ಅಪರಿಚಿತ ಸಾಹಸಕ್ಕೆ ಹೋದವರೂ ಅಲ್ಲ, ದೇವರ ದರ್ಶನಕ್ಕೆ ಹೋದ ಮನೆಮಂದಿ.

2022ರ ಏಪ್ರಿಲ್‌ನಲ್ಲಿ ಮಲ್ಪೆಯ ಸೇಂಟ್ ಮೇರೀಸ್ ದ್ವೀಪದಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ಮೂವರು ಕಾಲೇಜು ವಿದ್ಯಾರ್ಥಿಗಳು ಬಂಡೆಗಳ ಬಳಿ ನೀರುಪಾಲಾದರು. 2024ರ ಡಿಸೆಂಬರ್ 10ರಂದು ಮುರ್ಡೇಶ್ವರದ ಕಡಲತೀರದಲ್ಲಿ ಕೋಲಾರ ಜಿಲ್ಲೆಯ ಶಾಲೆಯೊಂದರ ನಾಲ್ವರು ವಿದ್ಯಾರ್ಥಿನಿಯರನ್ನು ಅಲೆ ಸೆಳೆದೊಯ್ದಿತು. ಬಯಲುಸೀಮೆಯ ಮಕ್ಕಳಿಗೆ ಕೆರೆ, ಹೊಳೆಯ ಪರಿಚಯವಿರಬಹುದು. ಸಮುದ್ರದ ಪರಿಚಯ ಬೇರೆಯೇ. ಈಜು ಬಲ್ಲೆ ಎಂಬ ಧೈರ್ಯ ಅಲ್ಲಿ ಸಾಲದು.

ಇಂಥ ಸುದ್ದಿ ಓದಿದ ತಂದೆ ತಾಯಿ 'ಪ್ರವಾಸವೇ ಬೇಡ' ಎನ್ನುವುದು ಸಹಜ. ಆದರೆ ಕಡಲನ್ನೇ ಕಾಣದೆ ಬೆಳೆದ ಮಗು ನಾಳೆ ಸ್ನೇಹಿತರೊಡನೆ ತಾನೇ ಹೋಗುತ್ತದೆ. ಆಗ ಹೇಳಿಕೊಡುವವರು ಜೊತೆಗಿರುವುದಿಲ್ಲ. ಮಗುವನ್ನು ತಡೆಯುವುದಕ್ಕಿಂತ ಪ್ರಶ್ನೆ ಕೇಳಲು ಕಲಿಸುವುದು ಮೇಲು.

ದೋಣಿ ಹತ್ತುವ ಮುನ್ನ

• ದೋಣಿಗೆ ಪರವಾನಗಿ ಇದೆಯೇ? ಎಷ್ಟು ಜನರ ಮಿತಿ? ಕೇಳುವುದಕ್ಕೆ ಸಂಕೋಚ ಬೇಡ. ಮಿತಿ ಮೀರಿದ್ದರೆ ಶಿಕ್ಷಕರು ಮಕ್ಕಳನ್ನು ಎರಡು ಸರದಿಯಲ್ಲಿ ಕಳಿಸಲಿ.

• ಪ್ರತಿಯೊಬ್ಬರಿಗೂ ಜೀವರಕ್ಷಕ ಜಾಕೆಟ್ ಇದೆಯೇ? ಮಕ್ಕಳಿಗೆ ಮಕ್ಕಳ ಅಳತೆಯದೇ ಬೇಕು. ದೊಡ್ಡವರ ಜಾಕೆಟ್ ತೊಟ್ಟ ಮಗು ನೀರಿಗೆ ಬಿದ್ದರೆ ಜಾಕೆಟ್ ಮೇಲೆ ತೇಲುತ್ತದೆ, ಮಗು ಕೆಳಗೆ ಜಾರುತ್ತದೆ. ಬಕಲ್ ಹಾಕಿ, ಭುಜದ ಬಳಿ ಹಿಡಿದು ಮೇಲಕ್ಕೆಳೆದು ನೋಡಿ. ಕಿವಿಯವರೆಗೆ ಬಂದರೆ ಅದು ಸಡಿಲ.

• ಇಂದು ಹವಾಮಾನ ಹೇಗಿದೆ? ಹೈದರಾಬಾದಿನ ಭಾರತೀಯ ಸಾಗರ ಮಾಹಿತಿ ಸೇವೆಗಳ ರಾಷ್ಟ್ರೀಯ ಕೇಂದ್ರ ಅಲೆಗಳ ಎತ್ತರದ ಮುನ್ಸೂಚನೆ ನೀಡುತ್ತದೆ. ಗಾಳಿಯೇ ಇಲ್ಲದ ದಿನವೂ ಸಾವಿರಾರು ಕಿಲೋಮೀಟರ್ ದೂರದ ದಕ್ಷಿಣ ಸಾಗರದಲ್ಲಿ ಎದ್ದ ದೊಡ್ಡ ಅಲೆಗಳು ನಮ್ಮ ದಡ ತಲುಪುವುದುಂಟು. ಬಿಸಿಲು ಚೆನ್ನಾಗಿದೆ ಎಂದ ಮಾತ್ರಕ್ಕೆ ಕಡಲು ಸುಮ್ಮನಿದೆ ಎಂದಲ್ಲ.

• ಮರಳುವ ಹೊತ್ತು ಯಾವುದು? ಮಧ್ಯಾಹ್ನದ ಗಾಳಿ ಬಲಿಯುವ ಮೊದಲೇ ಅಳಿವೆಯೊಳಗೆ ಸೇರುವಂತೆ ಯೋಜಿಸಿ.

• ಕುಳಿತಲ್ಲೇ ಕುಳಿತಿರಬೇಕು, ಡಾಲ್ಫಿನ್ ಕಂಡರೂ. ದೋಣಿ ಹತ್ತುವ ಮೊದಲೇ ಶಿಕ್ಷಕರು ಮಕ್ಕಳಿಂದ ಈ ಮಾತು ಪಡೆಯಲಿ. ಎಡಬದಿಯವರು ಎಡಕ್ಕೆ, ಬಲಬದಿಯವರು ಬಲಕ್ಕೆ ನೋಡಿ ಕಂಡದ್ದನ್ನು ಹೇಳಲಿ.

• ಬಂಡೆಗಳ ಮೇಲೆ ಪಾಚಿ ಇರುತ್ತದೆ. ಅಲೆ ತಾಗುವ ಬಂಡೆಯ ಮೇಲೆ ನಿಂತು ಚಿತ್ರ ತೆಗೆಸಿಕೊಳ್ಳಬೇಡಿ.

• ತುರ್ತು ಸಂದರ್ಭಕ್ಕೆ ಕರಾವಳಿ ರಕ್ಷಣಾ ಪಡೆಯ 1554, ಕರಾವಳಿ ಕಾವಲು ಪೊಲೀಸರ 1093 ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ.

ಮಳೆಗಾಲದಲ್ಲಂತೂ ಈ ಪ್ರಶ್ನೆಗಳೇ ಬೇಕಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ರಾಜ್ಯದಲ್ಲಿ ನಿಷೇಧವಿರುತ್ತದೆ. ಕಡಲೇ ಅನ್ನವಾಗಿರುವ ಖಾರ್ವಿ, ಹರಿಕಂತ್ರ, ಗಾಬಿತ ಜನರೇ ದೋಣಿ ದಡಕ್ಕೆಳೆದು ಕೂರುವ ಕಾಲದಲ್ಲಿ ಪ್ರವಾಸಿಗರಿಗೆ ಅಲ್ಲೇನು ಕೆಲಸ?

ನೋಡುವುದೇ ಓದು

ಒಂದು ದಿನದ ಈ ವಿಹಾರ ಕೆಲವು ಮಕ್ಕಳಲ್ಲಿ ಜೀವನದ ದಾರಿಯನ್ನೇ ತೆರೆಯಬಹುದು. ಕಾರವಾರದ ಕೋಡಿಬಾಗದಲ್ಲೇ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗವಿದೆ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರವೂ ಇಲ್ಲಿದೆ. ಕಡಲಿನಲ್ಲಿ ಪಂಜರ ಇಳಿಬಿಟ್ಟು ಮೀನು ಸಾಕುವ ವಿಧಾನದಲ್ಲಿ ಅದು ಹೆಸರು ಮಾಡಿದೆ. ಮಂಗಳೂರಿನಲ್ಲಿ 1969ರಲ್ಲಿ ಆರಂಭವಾದ ಮೀನುಗಾರಿಕಾ ಕಾಲೇಜಿದೆ. ನೆರೆಯ ಗೋವಾದ ದೋನಾ ಪಾವ್ಲಾದಲ್ಲಿ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯಿದೆ. ಡಾಕ್ಟರ್, ಎಂಜಿನಿಯರ್ ಎಂಬ ಎರಡೇ ದಾರಿಗಳನ್ನು ಕಂಡಿರುವ ಮನೆಗಳಲ್ಲಿ ಈ ಮೂರನೆಯ ದಾರಿಯ ಮಾತೂ ಬರಲಿ.

ಹಾಗೆಂದು ಎಲ್ಲರೂ ವಿಜ್ಞಾನಿಗಳಾಗಬೇಕೆಂದಿಲ್ಲ. ಒಂದು ನೋಟ್‌ಪುಸ್ತಕ ಸಾಕು. ಹೊರಟ ಹೊತ್ತು, ಗಾಳಿಯ ದಿಕ್ಕು, ನೀರು ಏರುತ್ತಿತ್ತೋ ಇಳಿಯುತ್ತಿತ್ತೋ, ಡಾಲ್ಫಿನ್ ಎಷ್ಟು, ಎಲ್ಲಿ ಕಂಡವು, ಮರಿ ಜೊತೆಗಿತ್ತೇ, ಹಕ್ಕಿಗಳು ಎಲ್ಲಿ ಎರಗುತ್ತಿದ್ದವು ಎಂದು ಬರೆದುಕೊಂಡರೆ ತರಗತಿಯಲ್ಲಿ ಒಂದು ವಾರದ ಪಾಠಕ್ಕೆ ಸರಕಾಗುತ್ತದೆ. ಡಾಲ್ಫಿನ್ ಕಂಡ ಜಾಗವನ್ನೂ ದೋಣಿ ಹೆಚ್ಚು ಹೊಯ್ದಾಡಿದ ಜಾಗವನ್ನೂ ನಕ್ಷೆಯಲ್ಲಿ ಗುರುತಿಸಲು ಮಕ್ಕಳಿಗೆ ಹೇಳಿ. ಎರಡು ಗುರುತುಗಳೂ ಅಕ್ಕಪಕ್ಕ ಬೀಳುವುದನ್ನು ಅವರೇ ಕಂಡುಕೊಳ್ಳಲಿ.

ಕೆಲವು ದಿನ ತಾಂಡೇಲ ಅಳಿವೆಯ ಬಾಯಿಯವರೆಗೆ ಹೋಗಿ, ಕಣ್ಣು ಕಿರಿದಾಗಿಸಿ ದಿಗಂತ ನೋಡಿ, 'ಇವತ್ತು ಬೇಡ' ಎಂದು ದೋಣಿ ತಿರುಗಿಸುವುದುಂಟು. ಮಕ್ಕಳ ಮುಖ ಸಪ್ಪಗಾಗುತ್ತದೆ, ಹಣ ಕೊಟ್ಟವರು ಗೊಣಗುತ್ತಾರೆ. ಆಗ ದೊಡ್ಡವರು ಅವನ ಪರ ನಿಲ್ಲಬೇಕು. ಅಳಿವೆಯೊಳಗಿನ ಕಾಂಡ್ಲಾ ವನ ಅಲ್ಲೇ ಇದೆ. ಇಳಿತದಲ್ಲಿ ಬೇರುಗಳ ನಡುವೆ ಏಡಿಗಳು ಓಡಾಡುವುದನ್ನೂ, ದಂಡೆಯಲ್ಲಿ ರಂಪಣಿ ಬಲೆ ಎಳೆಯುವುದನ್ನೂ, ಮೀನುಪೇಟೆಯಲ್ಲಿ ಹತ್ತಾರು ಬಗೆಯ ಮೀನುಗಳನ್ನೂ ನೋಡಿ ಬರಬಹುದು. ಡಾಲ್ಫಿನ್‌ಗಳು ಎಲ್ಲಿಗೂ ಹೋಗುವುದಿಲ್ಲ. ಅವು ಈ ದಡದ ಕಾಯಂ ನಿವಾಸಿಗಳು. ಮುಂದಿನ ರಜೆಯಲ್ಲಿ, ಕಡಲು ಒಪ್ಪಿದ ಬೆಳಿಗ್ಗೆ, ಮತ್ತೆ ಹೋದರಾಯಿತು.